ಗಾಳಿ ಕಡಿಮೆಯೋ, ತಂಪು ಕಡಿಮೆಯೋ? ಕಾರಿನ ಎಸಿ ಫಿಲ್ಟರ್ ನಾವೇ ನೋಡಿ ಬದಲಿಸುವ ಬಗೆ

"ಎಸಿ ಸರಿ ಇಲ್ಲ" ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ದೂರುಗಳಿರುತ್ತವೆ. ಕಿಂಡಿಗಳಿಂದ ಗಾಳಿಯೇ ಸಾಕಷ್ಟು ಬರುತ್ತಿಲ್ಲ ಎನ್ನುವುದು ಒಂದು. ಗಾಳಿ ಧಾರಾಳವಾಗಿದೆ, ತಂಪು ಮಾತ್ರ ಇಲ್ಲ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಬಹಳಷ್ಟು ಸಲ ಮುನ್ನೂರು ರೂಪಾಯಿಯ ಫಿಲ್ಟರ್ ಸಾಕು. ಎರಡನೆಯದು ತಂಪು ಮಾಡುವ ಗ್ಯಾಸು, ಅದನ್ನು ಒತ್ತುವ ಕಂಪ್ರೆಸರ್, ಅದರ ಬಿಸಿ ಹೊರಹಾಕುವ ಕಂಡೆನ್ಸರ್ ಎಂದು ಸಾವಿರಗಳ ಲೆಕ್ಕಕ್ಕೆ ಹೋಗುತ್ತದೆ. ಇವೆರಡನ್ನು ಬಿಡಿಸಿ ನೋಡದೆ ಗಾಡಿಯನ್ನು ಗ್ಯಾರೇಜಿಗೆ ಬಿಟ್ಟರೆ ಮೊದಲನೆಯ ರೋಗಕ್ಕೆ ಎರಡನೆಯ ರೋಗದ ಮದ್ದು ಸಿಗುತ್ತದೆ. ನಮಗೆ ಹಾಗೆಯೇ ಆಗುವುದರಲ್ಲಿತ್ತು.

ಏಪ್ರಿಲ್ ಕೊನೆಯ ವಾರ ಅವ್ವನನ್ನು ವಿಜಯಪುರದಿಂದ ಪುಣೆಗೆ ಕರೆತರುತ್ತಿದ್ದೆ. ಸೋಲಾಪುರ ದಾಟಿ ಟೆಂಭುರ್ಣಿ ಹತ್ತಿರ ಬರುವಾಗ ಮಧ್ಯಾಹ್ನ ಎರಡು ಗಂಟೆ. ಗಾಳಿ ಊದುವ ಬ್ಲೋವರ್ ನಾಲ್ಕನೇ ವೇಗದಲ್ಲಿತ್ತು, ಸದ್ದು ಜೋರಾಗಿತ್ತು, ಹಿಂದಿನ ಸೀಟಿಗೆ ಮಾತ್ರ ಏನೂ ಮುಟ್ಟುತ್ತಿರಲಿಲ್ಲ. "ಯಪ್ಪಾ, ಇದು ಬರೇ ಒದರಾಕತ್ತೈತಿ, ಗಾಳಿ ಬರವಲ್ದು" ಅಂದಳು. ಭಿಗವಣ ಬರುವಷ್ಟರಲ್ಲಿ ಕಿಟಕಿ ಇಳಿಸಲೇಬೇಕಾಯಿತು. ಅವ್ವನಿಗೆ ದಮ್ಮಿನ ತೊಂದರೆ ಇದೆ. ಆ ಬಿಸಿಗಾಳಿ, ಲಾರಿಗಳ ಹೊಗೆ, ರಸ್ತೆಬದಿಯ ಧೂಳು ಎಲ್ಲ ಕುಡಿದು ಹಡಪಸರ ಮುಟ್ಟುವಾಗ ಅವಳಿಗೆ ಮಾತೇ ಹೊರಡುತ್ತಿರಲಿಲ್ಲ. ಅವತ್ತಿನ ಪ್ರಯಾಣ ನನಗೆ ಈಗಲೂ ನೋವಿನ ನೆನಪು. ಅವ್ವ ಬಾಯಿಬಿಟ್ಟು ಹೇಳಿದ್ದೇ ಸರಿಯಾದ ರೋಗನಿರ್ಣಯ ಅಂತ ನನಗೆ ತಿಳಿದದ್ದು ಮರುದಿನ.

ಮರುದಿನ ಬೆಳಿಗ್ಗೆ ಒಂದು ಗ್ಯಾರೇಜಿಗೆ ಹೋದೆ. ಕಿಂಡಿಯ ಮುಂದೆ ಕೈ ಹಿಡಿದು ನೋಡಿದವರು, ಗ್ಯಾಸ್ ತುಂಬಬೇಕು, ಡ್ಯಾಶ್‌ಬೋರ್ಡ್ ಇಳಿಸಿ ಕೂಲಿಂಗ್ ಕಾಯಿಲ್ ತೊಳೆಯಬೇಕು, ಎಲ್ಲ ಸೇರಿ 6,500 ರೂಪಾಯಿ ಎಂದರು. ಫಿಲ್ಟರ್ ತೆಗೆದು ನೋಡಲಿಲ್ಲ. ನಾನು ಭೋಸರಿಯ ಕಾರ್ಖಾನೆಯೊಂದರಲ್ಲಿ ಮೆಂಟೆನೆನ್ಸ್ ಕೆಲಸದವನು. ನಮ್ಮಲ್ಲಿ ಎಲೆಕ್ಟ್ರಿಕ್ ಪ್ಯಾನೆಲ್ ಬಿಸಿಯಾಗಿದೆ ಎಂದರೆ ಮೊದಲು ಅದರ ಫ್ಯಾನಿನ ಮುಂದಿರುವ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿಯುತ್ತೇವೆ, ಆಮೇಲೆ ಉಳಿದ ಮಾತು. ಅದೇ ರೂಢಿ ಕಾರಿಗೂ ಅನ್ವಯಿಸುತ್ತದೆ ಎಂದು ಹೊಳೆದು ಗಾಡಿ ವಾಪಸು ತಂದೆ. ಮುಂದೆ ಬರೆದಿರುವುದು ಬಹುಪಾಲು ಆ ದಿನದಿಂದ ಈವರೆಗೆ ನಮ್ಮ ಕಾರಿನಲ್ಲೂ ನಮ್ಮ ಸೊಸೈಟಿಯ ಕೆಲವರ ಕಾರುಗಳಲ್ಲೂ ನೋಡಿ, ಮಾಡಿ ತಿಳಿದದ್ದು.

ಗಾಳಿ ಬರುವ ದಾರಿ

ದಾರಿ ಗೊತ್ತಿದ್ದರೆ ತಡೆ ಎಲ್ಲಿದೆ ಎಂದು ಹುಡುಕುವುದು ಸುಲಭ. ಹೊರಗಿನ ಗಾಳಿ ಮುಂಗಾಜಿನ ಬುಡದಲ್ಲಿ, ವೈಪರ್‌ಗಳ ಕೆಳಗಿರುವ ಪ್ಲಾಸ್ಟಿಕ್ ಜಾಲರಿಯಿಂದ ಒಳಗೆ ಬರುತ್ತದೆ. ಒಳಗಿನ ಗಾಳಿಯನ್ನೇ ಸುತ್ತಿಸುವ ರೀಸರ್ಕ್ಯುಲೇಶನ್ ಬಟನ್ ಒತ್ತಿದರೆ ಒಂದು ಮುಚ್ಚಳ ತಿರುಗಿ ಆ ದಾರಿ ಮುಚ್ಚುತ್ತದೆ. ಆಗ ಎಡಗಡೆ ಕೂತವರ ಕಾಲಿನ ಬಳಿಯಿಂದ ಗಾಳಿ ಎಳೆದುಕೊಳ್ಳುತ್ತದೆ. ಅಲ್ಲಿಂದ ಮುಂದೆ ಬ್ಲೋವರ್, ಫಿಲ್ಟರ್, ಆಮೇಲೆ ಕೂಲಿಂಗ್ ಕಾಯಿಲ್, ಕೊನೆಗೆ ಡ್ಯಾಶ್‌ಬೋರ್ಡಿನ ಕಿಂಡಿಗಳು. ಕೆಲವು ಕಾರುಗಳಲ್ಲಿ ಫಿಲ್ಟರ್ ಬ್ಲೋವರ್‌ಗಿಂತ ಮೊದಲೇ ಇರುತ್ತದೆ. ಎಲ್ಲಿದ್ದರೂ ಬಹುತೇಕ ಗಾಡಿಗಳಲ್ಲಿ ಹೊರಗಿನ ಗಾಳಿಯೂ ಒಳಗಿನ ಗಾಳಿಯೂ ಎರಡೂ ಅದೇ ಫಿಲ್ಟರ್ ಮೂಲಕವೇ ಹಾದುಹೋಗಬೇಕು. ಈ ಒಂದು ಸಂಗತಿ ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ.

ಬಿಚ್ಚುವ ಮೊದಲು

ಗಾಡಿ ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು (ತೆರೆದ ಜಾಗದಲ್ಲಿ, ಮುಚ್ಚಿದ ಗ್ಯಾರೇಜಿನಲ್ಲಿ ಅಲ್ಲ) ಒಂದು ಟಿಶ್ಯೂ ಪೇಪರ್ ತುಂಡನ್ನು ನಡುವಿನ ಕಿಂಡಿಯ ಮುಂದೆ ಹಿಡಿಯಿರಿ. ಬ್ಲೋವರನ್ನು ಒಂದರಿಂದ ನಾಲ್ಕಕ್ಕೆ ಏರಿಸುತ್ತಾ ಹೋಗಿ. ಆರೋಗ್ಯವಂತ ಗಾಡಿಯಲ್ಲಿ ಪ್ರತಿ ಹಂತಕ್ಕೂ ಕಾಗದ ಹೆಚ್ಚು ಹೆಚ್ಚು ಆಚೆಗೆ ವಾಲುತ್ತದೆ. ನಮ್ಮ ಗಾಡಿಯಲ್ಲಿ ಎರಡಕ್ಕೂ ನಾಲ್ಕಕ್ಕೂ ಕಾಗದದಲ್ಲಿ ಏನೂ ವ್ಯತ್ಯಾಸವಿರಲಿಲ್ಲ, ಸದ್ದಿನಲ್ಲಿ ಮಾತ್ರ ಇತ್ತು. ಮೋಟಾರ್ ತಿರುಗುತ್ತಿದೆ, ಗಾಳಿ ಎಲ್ಲೋ ಸಿಕ್ಕಿಕೊಂಡಿದೆ ಎಂದೇ ಅದರ ಅರ್ಥ.

ಇನ್ನು ರೀಸರ್ಕ್ಯುಲೇಶನ್ ಬಟನ್. ಅದನ್ನು ಒಮ್ಮೆ ಒತ್ತಿ, ಒಮ್ಮೆ ಬಿಟ್ಟು ಎರಡೂ ಬಗೆಯಲ್ಲಿ ಕಾಗದ ನೋಡಿ. ಎರಡರಲ್ಲೂ ಗಾಳಿ ಸೊರಗಿದ್ದರೆ ತಡೆ ಇರುವುದು ಎರಡಕ್ಕೂ ಸಾಮಾನ್ಯವಾದ ದಾರಿಯಲ್ಲಿ, ಅಂದರೆ ಬಹುಶಃ ಫಿಲ್ಟರಿನಲ್ಲಿ. ಒಳಗಿನ ಗಾಳಿ ಸುತ್ತುವಾಗ ಚೆನ್ನಾಗಿ ಬಂದು, ಹೊರಗಿನದಕ್ಕೆ ತಿರುಗಿಸಿದಾಗ ಮಾತ್ರ ಬಿದ್ದುಹೋದರೆ ಫಿಲ್ಟರ್ ನಿರಪರಾಧಿ. ವೈಪರ್ ಕೆಳಗಿನ ಜಾಲರಿ ನೋಡಿ. ಪುಣೆಯಲ್ಲಿ ಗುಲ್‌ಮೊಹರ್ ಮರದಡಿ ಗಾಡಿ ನಿಲ್ಲಿಸುವವರಿಗೆ ಇದು ಮಾಮೂಲು. ಅದರ ಚಿಕ್ಕ ಚಿಕ್ಕ ಎಲೆಗಳು ಜಾಲರಿಯ ಸಂದಿನಲ್ಲೇ ಇಳಿದು ಒಳಗೆ ಕೂಡಿಕೊಂಡು, ಮಳೆಯ ನೀರಿಗೆ ಕೊಳೆತು ಕೆಸರಾಗುತ್ತವೆ. ಬಟನ್ ಒತ್ತಿದಾಗ ಸದ್ದಿನಲ್ಲಿ ಯಾವ ಬದಲಾವಣೆಯೂ ಕೇಳದಿದ್ದರೆ ಆ ಮುಚ್ಚಳವೇ ಸಿಕ್ಕಿಕೊಂಡಿರಬಹುದು. ಸಾಮಾನ್ಯವಾಗಿ ಒಳಗಿನ ಗಾಳಿ ಸುತ್ತುವಾಗ ಸದ್ದು ಒಂದು ಹಂತ ಹೆಚ್ಚು ಕೇಳಿಸುತ್ತದೆ.

ಮೂರನೆಯದು ನನ್ನ ಪಾಲಿಗೆ ನಿರ್ಣಾಯಕವಾದದ್ದು: ಅಡುಗೆಗೆ ಬಳಸುವ ಡಿಜಿಟಲ್ ಥರ್ಮಾಮೀಟರ್. ಎಸಿ ಪೂರ್ತಿ ತಂಪಿಗೆ ಇಟ್ಟು, ಒಳಗಿನ ಗಾಳಿ ಸುತ್ತುವಂತೆ ಮಾಡಿ, ಹತ್ತು ನಿಮಿಷ ಬಿಟ್ಟು ನಡುವಿನ ಕಿಂಡಿಯೊಳಗೆ ಅದರ ಕಡ್ಡಿ ತೂರಿಸಿದೆ. ಹೊರಗೆ 38 ಡಿಗ್ರಿ ಸೆಲ್ಸಿಯಸ್, ಕಿಂಡಿಯಲ್ಲಿ 7. ಗ್ಯಾಸ್ ಇಲ್ಲದ ಎಸಿ 7 ಡಿಗ್ರಿಯ ಗಾಳಿ ಕೊಡುವುದಿಲ್ಲ. ಕೊಡುತ್ತಿದ್ದ ಗಾಳಿ ಬೇಕಾದ್ದಕ್ಕಿಂತ ಹೆಚ್ಚೇ ತಣ್ಣಗಿತ್ತು, ಏಕೆಂದರೆ ಸ್ವಲ್ಪವೇ ಗಾಳಿ ನಿಧಾನವಾಗಿ ಕಾಯಿಲ್ ಸವರಿಕೊಂಡು ಬರುತ್ತಿತ್ತು. ಗಾಳಿ ಕಡಿಮೆ, ಬರುವಷ್ಟು ಗಾಳಿ ಮಾತ್ರ ಕೊರೆಯುವಷ್ಟು ತಂಪು: ಈ ಜೋಡಿ ಕಂಡರೆ ಗ್ಯಾಸಿನ ಮಾತೆತ್ತುವವರಿಗೆ ಧೈರ್ಯವಾಗಿ ಬೇಡ ಅನ್ನಬಹುದು. ಇನ್ನೂ ಒಂದು ಮಾತು. ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತುವಲ್ಲ, ಮುಚ್ಚಿದ ಕೊಳವೆಗಳಲ್ಲಿ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ನಿಜವಾಗಿಯೂ ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ. ಸೋರಿಕೆ ಹುಡುಕದೆ ಬರೀ ತುಂಬಿದರೆ ಮತ್ತೆ ಖಾಲಿಯಾಗುತ್ತದೆ.

ಫಿಲ್ಟರ್ ಹೊರತೆಗೆಯುವುದು

ನಮ್ಮ ದೇಶದ ಸಣ್ಣ ಕಾರುಗಳಲ್ಲಿ ಬಹುಪಾಲು ಫಿಲ್ಟರ್ ಇರುವುದು ಗ್ಲೋವ್ ಬಾಕ್ಸ್ ಹಿಂದೆ. ಕೆಲವು ಯುರೋಪಿನ ಗಾಡಿಗಳಲ್ಲಿ ಗ್ಲೋವ್ ಬಾಕ್ಸ್ ಕೆಳಗೆ, ಕಾಲಿಡುವ ಜಾಗದಿಂದ ಮೇಲೆ ನೋಡಿದರೆ ಕಾಣುತ್ತದೆ. ಅಪರೂಪಕ್ಕೆ ಬಾನೆಟ್ ತೆಗೆದು ಮುಂಗಾಜಿನ ಬುಡದಲ್ಲಿ ಹುಡುಕಬೇಕು. ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಚಿತ್ರ ಇರುತ್ತದೆ. ಕೆಲವು ಹಳೆಯ, ಕಡಿಮೆ ಬೆಲೆಯ ಮಾದರಿಗಳಲ್ಲಿ ಫಿಲ್ಟರ್ ಕೂರುವ ಜಾಗವಿದ್ದು ಫಿಲ್ಟರೇ ಹಾಕಿರುವುದಿಲ್ಲ ಎಂಬುದನ್ನೂ ನೆನಪಿಡಿ. ಅಂಥ ಗಾಡಿಯಲ್ಲಿ ಧೂಳು ನೇರವಾಗಿ ಕಾಯಿಲ್ ಮೇಲೆ ಹೋಗಿ ಕೂತಿರುತ್ತದೆ.

ಕೀ ತೆಗೆದು ಜೇಬಿಗೆ ಹಾಕಿ. ಗ್ಲೋವ್ ಬಾಕ್ಸ್ ಖಾಲಿ ಮಾಡಿ. ಅದರ ಬಲಗಡೆಯೋ ಎಡಗಡೆಯೋ ಒಂದು ದಾರ ಅಥವಾ ಸಣ್ಣ ಪ್ಲಾಸ್ಟಿಕ್ ಕಡ್ಡಿ ಸಿಕ್ಕಿಸಿರುತ್ತದೆ. ಬಾಕ್ಸು ಧಡ್ಡನೆ ಬೀಳದೆ ನಿಧಾನ ತೆರೆಯಲಿ ಎಂದು ಇಟ್ಟದ್ದು ಅದು. ಮೊದಲು ಅದನ್ನು ಬಿಡಿಸಬೇಕು. ನಾನು ಮೊದಲ ಸಲ ಅದನ್ನು ಗಮನಿಸದೆ ಎಳೆದು ಕಡ್ಡಿ ಮುರಿದೆ. ಆ ಬಿಡಿಭಾಗ ಸಿಗಲು ಮೂರು ವಾರ ಕಾಯಬೇಕಾಯಿತು. ಕಡ್ಡಿ ಬಿಡಿಸಿದ ಮೇಲೆ ಬಾಕ್ಸಿನ ಎರಡೂ ಪಕ್ಕದ ಗೋಡೆಗಳನ್ನು ಅಂಗೈಯಿಂದ ಒಳಕ್ಕೆ ಒತ್ತಿದರೆ ತಡೆಯ ಉಬ್ಬುಗಳು ದಾಟಿ ಬಾಕ್ಸ್ ಕೆಳಗೆ ಬಾಗುತ್ತದೆ. ಬೇಸಿಗೆಯಲ್ಲಿ ಪ್ಲಾಸ್ಟಿಕ್ ಮೆತ್ತಗಿರುತ್ತದೆ, ಚಳಿಗಾಲದ ಬೆಳಗ್ಗೆ ಗಡಸಾಗಿರುತ್ತದೆ. ಜನವರಿಯಲ್ಲಿ ಮಾಡುವುದಾದರೆ ಗಾಡಿ ಸ್ವಲ್ಪ ಹೊತ್ತು ಬಿಸಿಲಲ್ಲಿ ನಿಲ್ಲಲಿ.

ಹಿಂದೆ ಉದ್ದನೆಯ ಮುಚ್ಚಳ ಕಾಣುತ್ತದೆ. ಎರಡು ಬದಿಯ ಲಾಕ್ ಒತ್ತಿ ತೆಗೆಯಿರಿ. ಅಲ್ಲೆಲ್ಲಾದರೂ ಹಳದಿ ಬಣ್ಣದ ವೈರು, ಹಳದಿ ಕನೆಕ್ಟರ್ ಕಂಡರೆ ಮುಟ್ಟಬೇಡಿ, ಅದು ಸಾಮಾನ್ಯವಾಗಿ ಏರ್‌ಬ್ಯಾಗಿನದು. ಫಿಲ್ಟರನ್ನು ಅಲುಗಾಡಿಸದೆ, ಅಡ್ಡಡ್ಡ ಮಟ್ಟಸವಾಗಿ ಎಳೆಯಿರಿ, ಕೆಳಗೆ ಹಳೇ ಪೇಪರ್ ಹಾಸಿರಲಿ. ಯಾವ ಮಗ್ಗುಲು ಮೇಲಿತ್ತು, ಬಾಣದ ಗುರುತು ಯಾವ ಕಡೆಗಿತ್ತು ಎಂದು ಹೊರಬರುತ್ತಿರುವಾಗಲೇ ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಮಾಸ್ಕ್ ಹಾಕಿಕೊಳ್ಳಿ. ದಮ್ಮು ಇರುವವರನ್ನೂ ಮಕ್ಕಳನ್ನೂ ಆ ಹೊತ್ತಿಗೆ ಹತ್ತಿರ ಬಿಡಬೇಡಿ.

ನಮ್ಮ ಫಿಲ್ಟರ್ ಹೊರಬಂದಾಗ ಅದು ಫಿಲ್ಟರ್ ಎಂದು ಹೇಳುವುದೇ ಕಷ್ಟವಿತ್ತು. ಮಡಿಕೆಗಳ ನಡುವಿನ ಸಂದೆಲ್ಲ ಬೂದು ಬಣ್ಣದ ಕಂಬಳಿಯ ಹಾಗೆ ತುಂಬಿಹೋಗಿತ್ತು. ಗುಲ್‌ಮೊಹರ್ ಎಲೆ, ಪತಂಗದ ರೆಕ್ಕೆ, ಯಾರದೋ ತಲೆಗೂದಲು, ಮೋಶಿ ರಸ್ತೆಯ ಕಟ್ಟಡ ಕೆಲಸದ ಬಿಳಿ ಧೂಳು, ಎಲ್ಲ ಒಂದರ ಮೇಲೊಂದು. ಕೆಳಗಿನ ಮೂಲೆಯಲ್ಲಿ ಕಪ್ಪು ಬೂಷ್ಟು. ಮೊಬೈಲ್ ಟಾರ್ಚ್ ಹಿಂದೆ ಹಿಡಿದರೆ ಈ ಕಡೆ ಬೆಳಕಿನ ಸುಳಿವಿರಲಿಲ್ಲ. ಇಷ್ಟು ದಿನ ಅವ್ವ, ಮಗಳು, ಹೆಂಡತಿ ಎಲ್ಲರೂ ಇದರ ಮೂಲಕ ಬಂದ ಗಾಳಿಯನ್ನೇ ಉಸಿರಾಡಿದ್ದರು ಎಂದು ನೆನೆದು ಬಹಳ ಬೇಸರವಾಯಿತು.

ಫಿಲ್ಟರ್ ಇಲ್ಲದೆ ಒಂದು ನಿಮಿಷ

ಈ ಕೈಪಿಡಿಯಲ್ಲಿ ಒಂದೇ ಒಂದು ಕೆಲಸ ಮಾಡುವುದಾದರೆ ಇದನ್ನು ಮಾಡಿ. ಹಳೆಯ ಫಿಲ್ಟರ್ ಹೊರಗಿಟ್ಟು, ಮುಚ್ಚಳ ಮಾತ್ರ ವಾಪಸು ಹಾಕಿ ಬ್ಲೋವರನ್ನು ನಾಲ್ಕಕ್ಕೆ ಇಟ್ಟು ಒಂದು ನಿಮಿಷ ಓಡಿಸಿ. ಎಸಿ ಬೇಡ, ಬರೀ ಬ್ಲೋವರ್. ಮುಚ್ಚಳ ಹಾಕದಿದ್ದರೆ ಗಾಳಿ ಫಿಲ್ಟರ್ ತೆಗೆದ ಬಾಯಲ್ಲೇ ಹೊರಬಿದ್ದು ಪರೀಕ್ಷೆ ಕೆಡುತ್ತದೆ. ಗಾಳಿ ಒಮ್ಮೆಲೇ ಜೋರಾದರೆ ದೋಷ ಫಿಲ್ಟರಿನದೇ. ನಮ್ಮ ಗಾಡಿಯಲ್ಲಿ ಟಿಶ್ಯೂ ಪೇಪರ್ ಕೈಯಿಂದ ಹಾರಿ ಹಿಂದಿನ ಸೀಟಿಗೆ ಹೋಯಿತು. ಮೇಲೆ ಬಾಲ್ಕನಿಯಲ್ಲಿ ಕೂತಿದ್ದ ಅವ್ವನಿಗೆ ಅಲ್ಲಿಂದಲೇ ಕೂಗಿ ಹೇಳಿದೆ.

ಒಂದೆರಡು ನಿಮಿಷಕ್ಕಿಂತ ಹೆಚ್ಚು ಹೀಗೆ ಓಡಿಸಬೇಡಿ. "ಫಿಲ್ಟರ್ ಇಲ್ಲದಿದ್ದರೆ ಗಾಳಿ ಚೆನ್ನಾಗಿ ಬರುತ್ತದಲ್ಲ, ಹಾಗೇ ಬಿಡೋಣ" ಎಂದು ಕೆಲವರು ಬಿಟ್ಟುಬಿಡುತ್ತಾರೆ. ಎಸಿ ಓಡುವಾಗ ಕೂಲಿಂಗ್ ಕಾಯಿಲ್ ಯಾವಾಗಲೂ ಒದ್ದೆ. ಒದ್ದೆಯ ಮೇಲೆ ಧೂಳು ಬಿದ್ದರೆ ಕೆಸರು, ಕೆಸರಿನಲ್ಲಿ ಬೂಷ್ಟು, ಬೂಷ್ಟಿನಿಂದ ವಾಸನೆ. ಆಗ ಡ್ಯಾಶ್‌ಬೋರ್ಡ್ ಇಳಿಸುವ ಆ ಸಾವಿರಗಳ ಖರ್ಚು ನಿಜವಾಗಿಯೂ ಬೇಕಾಗುತ್ತದೆ.

ಫಿಲ್ಟರ್ ತೆಗೆದರೂ ಗಾಳಿ ಏರದಿದ್ದರೆ

ಆಗ ಬೇರೆ ಕಡೆ ನೋಡಬೇಕು. ಪಕ್ಕದ ವಿಂಗಿನ ಧಾರವಾಡದ ಕಾಕಾ ಒಮ್ಮೆ ಬಂದು, "ನಾಕನೇದರೊಳಗ ಇಟ್ರ ಅಷ್ಟ ಬರ್ತದಪಾ, ಒಂದು ಎರಡು ಮೂರಕ್ಕ ಏನೂ ಇಲ್ಲ" ಅಂದರು. ಅಷ್ಟು ಹೇಳಿದರೆ ಸಾಕು, ಬ್ಲೋವರ್ ರೆಸಿಸ್ಟರ್ (ಕರೆಂಟು ತಗ್ಗಿಸಿ ವೇಗ ಇಳಿಸುವ ಭಾಗ) ಸುಟ್ಟಿದೆ ಎಂದೇ ಲೆಕ್ಕ. ಕೈಯಿಂದ ತಿರುಗಿಸುವ ನಾಬ್ ಇರುವ ಗಾಡಿಗಳಲ್ಲಿ ಕೆಳಗಿನ ವೇಗಗಳಿಗೆಲ್ಲ ಕರೆಂಟು ರೆಸಿಸ್ಟರ್ ಮೂಲಕ ಹೋಗುತ್ತದೆ, ಕೊನೆಯ ವೇಗಕ್ಕೆ ಮಾತ್ರ ನೇರ. ಸ್ವಾರಸ್ಯದ ಸಂಗತಿಯೆಂದರೆ ಆ ರೆಸಿಸ್ಟರನ್ನು ಕೂರಿಸಿರುವುದೇ ಗಾಳಿಯ ದಾರಿಯಲ್ಲಿ, ಹಾದುಹೋಗುವ ಗಾಳಿ ಅದನ್ನು ತಂಪಾಗಿಡಲಿ ಎಂದು. ಫಿಲ್ಟರ್ ಕಟ್ಟಿಕೊಂಡು ಗಾಳಿ ಕಡಿಮೆಯಾದರೆ ರೆಸಿಸ್ಟರ್ ಕಾದು ಸಾಯುತ್ತದೆ. ಕಾಕಾ ಅವರ ಗಾಡಿಯ ಫಿಲ್ಟರ್ ತೆಗೆದು ನೋಡಿದರೆ ಅದೂ ಕಂಬಳಿಯೇ ಆಗಿತ್ತು. ಬರೀ ರೆಸಿಸ್ಟರ್ ಬದಲಿಸಿದ್ದರೆ ಹೊಸದೂ ಬಹಳ ದಿನ ಬಾಳುತ್ತಿರಲಿಲ್ಲ.

ಯಾವ ವೇಗದಲ್ಲೂ ಸದ್ದೇ ಇಲ್ಲವೆಂದರೆ ಫ್ಯೂಸ್, ಆಮೇಲೆ ಮೋಟಾರ್.

ಹೊರಟಾಗ ಗಾಳಿ ಚೆನ್ನಾಗಿದ್ದು, ಮುಕ್ಕಾಲು ಗಂಟೆ ಓಡಿಸಿದ ಮೇಲೆ ನಿಧಾನಕ್ಕೆ ಸತ್ತುಹೋಗಿ, ಎಸಿ ಬಟನ್ ಆರಿಸಿ ಬ್ಲೋವರ್ ಮಾತ್ರ ಹತ್ತು ನಿಮಿಷ ಓಡಿಸಿದರೆ ಮತ್ತೆ ಜೀವ ಬರುತ್ತದೆಯೇ? ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟುತ್ತಿದೆ. ಕಾಯಿಲ್ ಬಳಿಯ ತಾಪಮಾನದ ಸೆನ್ಸರ್ ಕೆಟ್ಟಿದ್ದರೂ, ಗ್ಯಾಸ್ ಕಡಿಮೆಯಿದ್ದರೂ ಹೀಗಾಗುತ್ತದೆ. ಕಟ್ಟಿಕೊಂಡ ಫಿಲ್ಟರಿನಿಂದಲೂ ಆಗುತ್ತದೆ. ಆದ್ದರಿಂದ ಮೊದಲು ಫಿಲ್ಟರ್ ಬದಲಿಸಿ ಒಂದು ದೂರದ ಪ್ರಯಾಣ ಮಾಡಿ ನೋಡಿ, ಆಮೇಲೂ ಇದ್ದರೆ ಮೆಕ್ಯಾನಿಕ್ ಹತ್ತಿರ ಹೋಗಿ ಈ ಲಕ್ಷಣವನ್ನೇ ಇದ್ದ ಹಾಗೆ ಹೇಳಿ.

ಎಡಗಡೆ ಕಾಲಿನ ಬಳಿಯ ಕಾರ್ಪೆಟ್ ಒದ್ದೆಯಾಗಿದ್ದರೆ ಕಾಯಿಲ್ ನೀರು ಹೊರಹೋಗುವ ಡ್ರೇನ್ ಪೈಪ್ ಕಟ್ಟಿಕೊಂಡಿದೆ. ಮಳೆಗಾಲದಲ್ಲಿ ಎಸಿ ಓಡಿಸಿ ನಿಲ್ಲಿಸಿದಾಗ ಗಾಡಿಯಡಿ ನೀರು ತೊಟ್ಟಿಕ್ಕಲೇಬೇಕು. ತೊಟ್ಟಿಕ್ಕದಿದ್ದರೆ ಸಂಶಯಪಡಿ. ಸಿಹಿಯಾದ ವಾಸನೆ ಬಂದು ಮುಂಗಾಜಿನ ಒಳಗೆ ಜಿಡ್ಡು ಮಂಜು ಕಟ್ಟುತ್ತಿದ್ದರೆ ಅದು ಹೀಟರಿನಿಂದ ಕೂಲಂಟ್ (ಎಂಜಿನ್ ತಂಪಾಗಿಡುವ ದ್ರವ) ಸೋರುವ ಗುರುತು, ಅದಕ್ಕೆ ಮನೆಮದ್ದು ಬೇಡ. ಹೊಗೆಕೊಳವೆಯ ವಾಸನೆ ಒಳಗೆ ಬರುತ್ತಿದ್ದರಂತೂ ತಡಮಾಡಬೇಡಿ. ಆ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಅನ್ನು ಈ ಯಾವ ಫಿಲ್ಟರೂ ಹಿಡಿಯುವುದಿಲ್ಲ, ಎಷ್ಟೇ ದುಬಾರಿಯದಾದರೂ.

ಇಲಿಯ ವಿಷಯ ಬೇರೆಯೇ. ಸೊಸೈಟಿಯ ಪಾರ್ಕಿಂಗಿನಲ್ಲಿ ವಾರಗಟ್ಟಲೆ ನಿಂತ ಗಾಡಿಯಲ್ಲಿ ಇಲಿಗಳು ಜಾಲರಿಯಿಂದ ಇಳಿದು ಫಿಲ್ಟರ್ ಕೊರೆದು ಗೂಡು ಕಟ್ಟುತ್ತವೆ. ಹಿಕ್ಕೆ ಕಂಡರೆ ಒಣಗಿದ ಹಾಗೇ ಗುಡಿಸಬೇಡಿ, ಬ್ಲೋವರನ್ನೂ ಹಾಕಬೇಡಿ. ಕೈಗವಸು ತೊಟ್ಟು, ನೀರು ಬೆರೆಸಿದ ಬ್ಲೀಚ್‌ನಿಂದ ನೆನೆಸಿ, ಆಮೇಲೆ ಒರೆಸಿ ತೆಗೆಯಿರಿ. ಇಲಿಜ್ವರ ಹರಡುವುದು ಮುಖ್ಯವಾಗಿ ಇಲಿಯ ಮೂತ್ರದಿಂದ.

ತೊಳೆದು ಹಾಕಬಹುದೇ?

ದುಡ್ಡು ಉಳಿಸಬೇಕೆನ್ನುವ ಪ್ರತಿಯೊಬ್ಬರೂ ಕೇಳುವ ಪ್ರಶ್ನೆ ಇದು. ನಾನು ಮಾಡಿ ನೋಡಿದ್ದೇನೆ. ಅವ್ವನ ಜೊತೆಗಿನ ಆ ಪ್ರಯಾಣಕ್ಕೂ ಎರಡು ವರ್ಷ ಹಿಂದೆ, ಜುಲೈ ತಿಂಗಳಲ್ಲಿ, ಹಳೆಯ ಫಿಲ್ಟರನ್ನು ಸೋಪಿನ ನೀರಿನಲ್ಲಿ ಅದ್ದಿ, ಬಾಲ್ಕನಿಯಲ್ಲಿ ಎರಡು ದಿನ ಒಣಗಿಸಿ ವಾಪಸು ಹಾಕಿದ್ದೆ. ಮುಟ್ಟಿದರೆ ಒಣಗಿದಂತೆಯೇ ಇತ್ತು. ಪುಣೆಯ ಜುಲೈನಲ್ಲಿ ಬಟ್ಟೆಯೇ ಒಣಗದಿರುವಾಗ ಮಡಿಕೆ ಮಡಿಕೆಯಾದ ಆ ಹಾಳೆಯ ಒಳಗು ಒಣಗುವುದೆಲ್ಲಿ! ನಾಲ್ಕೇ ದಿನದಲ್ಲಿ ಗಾಡಿಯೊಳಗೆ ಒದ್ದೆ ಗೋಣಿಚೀಲದ ವಾಸನೆ, ಮಗಳಿಗೆ ಬೆಳಿಗ್ಗೆ ಶಾಲೆಗೆ ಹೋಗುವಾಗಲೆಲ್ಲ ಸೀನು. ಶೀತ ಎಂದುಕೊಂಡು ಔಷಧಿ ತಂದೆವು. ಫಿಲ್ಟರ್ ಬದಲಿಸಿದ ಮೇಲೆ ಸೀನು ನಿಂತಿತು.

ಬೂಷ್ಟಿನ ಮಾತು ಬಿಟ್ಟರೂ ತೊಳೆದ ಫಿಲ್ಟರ್ ಮೊದಲಿನ ಹಾಗೆ ಕೆಲಸ ಮಾಡುವುದಿಲ್ಲ. ಈ ಹಾಳೆ ನೇಯ್ದ ಬಟ್ಟೆಯಲ್ಲ, ಸಣ್ಣ ಪ್ಲಾಸ್ಟಿಕ್ ನಾರುಗಳನ್ನು ಒತ್ತಿ ಮಾಡಿದ್ದು. ಅನೇಕ ಫಿಲ್ಟರ್‌ಗಳಲ್ಲಿ ಆ ನಾರುಗಳಿಗೆ ಸ್ಥಿರ ವಿದ್ಯುತ್ತಿನ ಗುಣ ಕೊಟ್ಟಿರುತ್ತಾರೆ. ಬಾಚಿದ ಬಾಚಣಿಗೆ ಕಾಗದದ ಚೂರನ್ನು ಎಳೆದುಕೊಳ್ಳುವುದಿಲ್ಲವೇ, ಹಾಗೆ ಸಣ್ಣ ಕಣಗಳನ್ನು ಅದು ಎಳೆದು ಹಿಡಿಯುತ್ತದೆ. ಸೋಪು ತಗುಲಿದರೆ ಆ ಗುಣ ಹೋಗುತ್ತದೆ. ನೋಡಲು ಬೆಳ್ಳಗಾಗಿರುತ್ತದೆ, ಹಿಡಿಯುವ ಶಕ್ತಿ ಕುಂದಿರುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯಿಂದ ಊದಿಸುವುದೂ ಒಳ್ಳೆಯದಲ್ಲ, ಹತ್ತಿರದಿಂದ ಊದಿದರೆ ಹಾಳೆ ಸಣ್ಣಗೆ ಹರಿಯುತ್ತದೆ, ಕಣ್ಣಿಗೆ ಕಾಣುವುದಿಲ್ಲ. ತೊಳೆಯಬಹುದು ಎಂದೇ ಮಾರುವ ಫಿಲ್ಟರ್‌ಗಳು ಬೇರೆ ಇವೆ, ಅವುಗಳ ಮೇಲೆ ಹಾಗೆಂದು ಬರೆದಿರುತ್ತದೆ.

ಹಾಗಾದರೆ ಮಿತವ್ಯಯಕ್ಕೆ ದಾರಿಯೇ ಇಲ್ಲವೇ? ಇದೆ. ಹೊಸ ಫಿಲ್ಟರ್ ಹಾಕಿ ಐದಾರು ತಿಂಗಳಾದ ಮೇಲೆ ಒಮ್ಮೆ ತೆಗೆದು, ಕೊಳೆಯಾದ ಮಗ್ಗುಲು ಕೆಳಗೆ ಮಾಡಿ, ಅಂಗೈ ಮೇಲೆ ಮೆಲ್ಲಗೆ ತಟ್ಟಿ. ಎಲೆ, ಕೂದಲು, ದಪ್ಪ ಧೂಳು ಉದುರುತ್ತದೆ. ಮನೆಯಲ್ಲಿ ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಕೊಳೆಯಾದ ಮಗ್ಗುಲಿನಿಂದಲೇ ಎಳೆಯಿರಿ. ಇದು ಒಂದು ಸಲಕ್ಕೆ ಸರಿ. ಬೂಷ್ಟು ಕಂಡಿದ್ದರೆ, ಒದ್ದೆಯಾಗಿದ್ದರೆ, ಟಾರ್ಚ್ ಬೆಳಕು ದಾಟದಿದ್ದರೆ ತಟ್ಟುತ್ತಾ ಕೂರಬೇಡಿ, ಎಸೆಯಿರಿ. ಮನೆಯ ಎಸಿಯ ಜಾಲರಿಯನ್ನೋ ಹಳೆಯ ಬಟ್ಟೆಯನ್ನೋ ಕತ್ತರಿಸಿ ಇಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಅಂಚಿನಲ್ಲಿ ಸಂದು ಉಳಿದರೆ ಗಾಳಿ ಸೋಸದೆ ಆ ಸಂದಿನಿಂದಲೇ ಹೋಗುತ್ತದೆ. ಬಟ್ಟೆ ಸಡಿಲವಾಗಿ ಬ್ಲೋವರಿನ ಕಡೆ ಎಳೆದರೆ ಮೋಟಾರೇ ಹೋಗುತ್ತದೆ.

ನಾನಾ ಪೇಠಿನಲ್ಲಿ ಕೊಳ್ಳುವಾಗ

ಪುಣೆಯಲ್ಲಿ ಗಾಡಿಯ ಬಿಡಿಭಾಗ ಎಂದರೆ ನಾನಾ ಪೇಠ್. ಅಂಗಡಿಯಲ್ಲಿ "ಎಸಿ ಫಿಲ್ಟರ್" ಎಂದರೆ ತಿಳಿಯುತ್ತದೆ, ಕೆಲವರು "ಪೊಲನ್ ಫಿಲ್ಟರ್" ಎನ್ನುತ್ತಾರೆ. ಬರೀ "ಏರ್ ಫಿಲ್ಟರ್" ಎಂದು ಕೇಳಿದರೆ ಎಂಜಿನ್‌ನದು ಕೊಡುತ್ತಾರೆ, ಜೋಕೆ. ಹಳೆಯ ಫಿಲ್ಟರನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಹೋಗುವುದು ಎಲ್ಲಕ್ಕಿಂತ ಒಳ್ಳೆಯದು. ಆಗದಿದ್ದರೆ ಉದ್ದ, ಅಗಲ, ದಪ್ಪ ಮೂರನ್ನೂ ಮಿಲಿಮೀಟರಿನಲ್ಲಿ ಅಳೆದು ಬರೆದುಕೊಳ್ಳಿ. ಒಂದೇ ಹೆಸರಿನ ಗಾಡಿಗೆ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಅಳತೆಯ ಫಿಲ್ಟರ್ ಬಂದಿರುವುದುಂಟು, ಆದ್ದರಿಂದ ಗಾಡಿ ತಯಾರಾದ ವರ್ಷವನ್ನೂ ಹೇಳಿ.

ನನಗೆ ಅಲ್ಲಿ ಸಿಕ್ಕ ಲೆಕ್ಕ: ಸಾದಾ ಬಿಳಿ ಫಿಲ್ಟರ್ 280 ರೂಪಾಯಿ, ಇದ್ದಿಲು ಲೇಪಿಸಿದ ಕಪ್ಪು ಬೂದು ಬಣ್ಣದ್ದು 550. ಸಾದಾ ಫಿಲ್ಟರ್ ಧೂಳು, ಪರಾಗ, ನಾರು, ಎಲೆ ಇವನ್ನು ಚೆನ್ನಾಗಿ ಹಿಡಿಯುತ್ತದೆ. ಇದ್ದಿಲಿನದು ಅದರ ಜೊತೆ ವಾಸನೆಯನ್ನೂ ಕೆಲವು ಅನಿಲಗಳನ್ನೂ ತಕ್ಕಮಟ್ಟಿಗೆ ಹೀರುತ್ತದೆ, ಇದ್ದಿಲಿನ ಶಕ್ತಿ ತೀರಿದ ಮೇಲೆ ಅದೂ ಸಾದಾ ಫಿಲ್ಟರೇ. ನನ್ನ ಅಭಿಪ್ರಾಯ ಕೇಳಿದರೆ, ಬಜೆಟ್ ಬಿಗಿ ಇರುವವರು ಇದ್ದಿಲಿನದೊಂದನ್ನು ಎರಡು ವರ್ಷ ಎಳೆಯುವ ಬದಲು ಸಾದಾ ಫಿಲ್ಟರನ್ನು ವರ್ಷಕ್ಕೊಮ್ಮೆ ತಪ್ಪದೆ ಬದಲಿಸುವುದು ಮೇಲು. ದಿನಾ ಹಿಂಜವಡಿಯ ಟ್ರಾಫಿಕ್ಕಿನಲ್ಲಿ ಒಂದೊಂದು ಗಂಟೆ ಹೊಗೆಯ ನಡುವೆ ನಿಲ್ಲುವವರಿಗೆ, ಮನೆಯಲ್ಲಿ ಅವ್ವನಂತೆ ದಮ್ಮಿನವರಿದ್ದರೆ, ಕಪ್ಪು ಫಿಲ್ಟರಿನ ಹೆಚ್ಚಿನ 270 ರೂಪಾಯಿ ಸಾರ್ಥಕ. ನಾವು ಈಗ ಅದನ್ನೇ ಹಾಕುತ್ತೇವೆ. ಹಾಗೆಂದು 2.5 ಮೈಕ್ರಾನ್‌ಗಿಂತ ಸಣ್ಣ ಹೊಗೆಕಣಗಳನ್ನೆಲ್ಲ ಇದು ತಡೆಯುತ್ತದೆ ಎಂದು ನಂಬಬೇಡಿ. ದಟ್ಟ ಹೊಗೆಯಲ್ಲಿ, ಕಾತ್ರಜ್ ಸುರಂಗದಲ್ಲಿ, ಒಳಗಿನ ಗಾಳಿ ಸುತ್ತಿಸುವ ಬಟನ್ ಒತ್ತಿ. ಹೊರಬಂದ ಮೇಲೆ ಮರೆಯದೆ ಬಿಡಿ, ಇಲ್ಲವಾದರೆ ನಾವೇ ಬಿಟ್ಟ ಉಸಿರು ತುಂಬಿಕೊಂಡು ತೂಕಡಿಕೆ ಬರುತ್ತದೆ.

ಕೈಯಲ್ಲಿ ಹಿಡಿದು ನೋಡುವಾಗ ಮಡಿಕೆಗಳನ್ನು ಎಣಿಸಿ. ಅದೇ ಅಳತೆಯ ಎರಡು ಫಿಲ್ಟರ್‌ಗಳಲ್ಲಿ ಮಡಿಕೆ ಹೆಚ್ಚಿದ್ದರೆ ಹಾಳೆ ಹೆಚ್ಚು, ಧೂಳಿಗೆ ಜಾಗ ಹೆಚ್ಚು. ಮಡಿಕೆಗಳು ಒಂದೇ ಸಮ ಇರಲಿ, ಒಂದಕ್ಕೊಂದು ಅಂಟಿರಬಾರದು. ಅಂಚಿನ ಪಟ್ಟಿ ಬೆರಳಲ್ಲಿ ಎಳೆದರೆ ಬಿಚ್ಚಬಾರದು. ಬಾಣದ ಗುರುತೇ ಇಲ್ಲದ ಫಿಲ್ಟರ್ ನಾನು ಕೊಳ್ಳುವುದಿಲ್ಲ.

ಹೊಸದು ಕೂರಿಸುವಾಗ

ಮೊದಲು ಫಿಲ್ಟರ್ ಕೂರುವ ಖಾಲಿ ಪೆಟ್ಟಿಗೆಯೊಳಗೆ ಟಾರ್ಚ್ ಹಾಕಿ ನೋಡಿ, ಬಿದ್ದ ಎಲೆಗಳನ್ನು ಒದ್ದೆ ಬಟ್ಟೆ ಸುತ್ತಿದ ಕಡ್ಡಿಯಿಂದ ತೆಗೆಯಿರಿ. ವೈಪರ್ ಕೆಳಗಿನ ಜಾಲರಿಯನ್ನೂ ಅದೇ ದಿನ ಕೈಯಿಂದ ಆಯ್ದು ಸ್ವಚ್ಛ ಮಾಡಿ. ಬಾಣದ ಗುರುತು ಸಾಮಾನ್ಯವಾಗಿ ಗಾಳಿ ಹೋಗುವ ದಿಕ್ಕನ್ನು ತೋರಿಸುತ್ತದೆ. ಹಳೆಯದರ ಫೋಟೋ ಇದ್ದರೆ ಸುಲಭ, ಆದರೆ ಹಳೆಯದನ್ನೇ ಯಾರೋ ತಲೆಕೆಳಗಾಗಿ ಹಾಕಿರಬಹುದು. ಸಂಶಯವಿದ್ದರೆ ಹಳೆಯದರ ಯಾವ ಮಗ್ಗುಲು ಕೊಳೆಯಾಗಿತ್ತು ನೋಡಿ: ಕೊಳೆಯಾದ ಕಡೆಯಿಂದ ಗಾಳಿ ಬರುತ್ತದೆ, ಬಾಣ ಅಲ್ಲಿಂದ ಆಚೆಗೆ ನೋಡಬೇಕು. ಬ್ಲೋವರ್ ಒಂದರಲ್ಲಿಟ್ಟು ಆ ಪೆಟ್ಟಿಗೆಯ ಬಾಯಲ್ಲಿ ಹೊಲಿಗೆ ದಾರದ ತುದಿ ತೂಗುಬಿಟ್ಟರೂ ದಿಕ್ಕು ತಿಳಿಯುತ್ತದೆ, ದಾರ ಮಾತ್ರ ಬಿಗಿಯಾಗಿ ಹಿಡಿದಿರಿ.

ಫಿಲ್ಟರ್ ಬಿಗಿಯಾಗಿ, ಆದರೆ ಮಡಚದೆ ಕೂರಬೇಕು. ಬಲವಂತದಿಂದ ತುರುಕಿದರೆ ನಡುವೆ ಬಾಗಿ ಮೂಲೆಯಲ್ಲಿ ಸಂದು ಬಿಡುತ್ತದೆ. ಸರಾಗವಾಗಿ ಒಳಗೆ ಜಾರಿ ಅಲುಗಾಡುತ್ತಿದ್ದರೆ ಅಳತೆ ತಪ್ಪು, ಅಂಗಡಿಗೆ ವಾಪಸು ಕೊಡಿ. ಚೌಕಟ್ಟಿನ ಮೇಲೆ ಮಾರ್ಕರ್ ಪೆನ್ನಿನಿಂದ ದಿನಾಂಕ, ಕಿಲೋಮೀಟರ್ ಬರೆಯಿರಿ. ಮುಚ್ಚಳದ ಎರಡೂ ಲಾಕ್ ಟಕ್ ಎಂದ ಮೇಲೆ ಗ್ಲೋವ್ ಬಾಕ್ಸ್ ಏರಿಸಿ, ಆ ಕಡ್ಡಿ ಮರಳಿ ಸಿಕ್ಕಿಸಿ.

ಹೊಸ ಫಿಲ್ಟರ್ ಹಾಕಿ ಮತ್ತೆ ಥರ್ಮಾಮೀಟರ್ ಇಟ್ಟಾಗ ನಮ್ಮ ಗಾಡಿಯಲ್ಲಿ 10 ಡಿಗ್ರಿ ತೋರಿಸಿತು. ಮೊದಲಿನ 7ಕ್ಕಿಂತ ಹೆಚ್ಚು, ಆದರೂ ಹಿಂದಿನ ಸೀಟು ಐದು ನಿಮಿಷದಲ್ಲಿ ತಣ್ಣಗಾಯಿತು. ಸಂಖ್ಯೆ ಏರಿತೆಂದು ಗಾಬರಿಯಾಗಬೇಡಿ, ಈಗ ಹೆಚ್ಚು ಗಾಳಿ ತಂಪಾಗುತ್ತಿದೆ.

ಗಾಡಿಯ ಪುಸ್ತಕದಲ್ಲಿ ಬರೆದಿರುವ ಕಿಲೋಮೀಟರ್ ಲೆಕ್ಕ ಅದರ ಪಾಡಿಗೆ ಇರಲಿ. ಧೂಳಿನ ರಸ್ತೆಯಲ್ಲಿ ಓಡುವ ಗಾಡಿಗೆ ಅದಕ್ಕಿಂತ ಮೊದಲೇ ಬೇಕಾಗುತ್ತದೆ ಎಂದು ಅದೇ ಪುಸ್ತಕ ಹೇಳುತ್ತದೆ. ನಾವು ಖಂಡೇನವಮಿಗೆ ಗಾಡಿ ತೊಳೆದು ಪೂಜೆ ಮಾಡುವ ಹಿಂದಿನ ದಿನ ಬದಲಿಸುತ್ತೇವೆ. ಮಳೆಗಾಲದ ಬೂಷ್ಟು ಅದರೊಂದಿಗೆ ಹೊರಹೋಗುತ್ತದೆ, ಬದಲಿಸುವ ದಿನವೂ ಮರೆತುಹೋಗುವುದಿಲ್ಲ. ಮಾರ್ಚ್ ಕೊನೆಗೆ ಒಮ್ಮೆ ತೆಗೆದು ತಟ್ಟುತ್ತೇವೆ, ಅವ್ವನನ್ನು ಕರೆತರಲು ವಿಜಯಪುರಕ್ಕೆ ಹೊರಡುವ ಮೊದಲು.

ಬದಲಿಸಿದ ಮೇಲೆ ಹೊಸದಾಗಿ ಏನಾದರೂ ಕೇಳಿದರೆ

ಟಕಟಕ ಸದ್ದು ಬಂದು ಬ್ಲೋವರ್ ವೇಗದ ಜೊತೆ ಅದೂ ಏರುತ್ತಿದ್ದರೆ ಫಿಲ್ಟರ್ ಎಳೆಯುವಾಗ ಎಲೆಯೋ ಕಡ್ಡಿಯೋ ಫ್ಯಾನಿಗೆ ಬಿದ್ದಿದೆ. ಬ್ಲೋವರ್ ತಕ್ಷಣ ನಿಲ್ಲಿಸಿ, ಫಿಲ್ಟರ್ ತೆಗೆದು ಕೈಗೆ ಸಿಕ್ಕರೆ ಆರಿಸಿ. ಸಿಗದಿದ್ದರೆ ಗ್ಲೋವ್ ಬಾಕ್ಸ್ ಕೆಳಗಿನಿಂದ ಮೋಟಾರ್ ಇಳಿಸಬೇಕು, ಬಹಳಷ್ಟು ಗಾಡಿಗಳಲ್ಲಿ ಮೂರೇ ಸ್ಕ್ರೂ. ಸಿಳ್ಳಿನಂಥ ಸದ್ದು ಬಂದರೆ ಮುಚ್ಚಳದ ಒಂದು ಲಾಕ್ ಕೂತಿಲ್ಲ. ಇದ್ದಿಲಿನ ಫಿಲ್ಟರ್ ಹಾಕಿದಾಗ ಗಾಳಿ ಸಾದಾ ಫಿಲ್ಟರಿಗಿಂತ ಒಂದಿಷ್ಟು ಕಡಿಮೆ ಅನಿಸಿದರೆ ಅದು ದೋಷವಲ್ಲ, ಆ ಹಾಳೆ ದಪ್ಪ. ಹೊಸ ಫಿಲ್ಟರ್ ಒಂದೇ ತಿಂಗಳಲ್ಲಿ ಒದ್ದೆಯಾಗಿ ಹೊರಬಂದರೆ ಇನ್ನೊಂದು ಹೊಸದು ಕೊಳ್ಳುವ ಮೊದಲು ಬಾನೆಟ್ ಎತ್ತಿ, ಮುಂಗಾಜಿನ ಬುಡದ ರಬ್ಬರ್ ಪಟ್ಟಿ ಎಲ್ಲಿ ಬಿಟ್ಟಿದೆ ಎಂದು ಒಂದು ಚೊಂಬು ನೀರು ಸುರಿದು ನೋಡಿ. ಆ ಹೊತ್ತಿಗೆ ಒಬ್ಬರು ಒಳಗೆ ಕೂತು ಟಾರ್ಚ್ ಹಿಡಿದಿರಲಿ.